ಮರೆವಿನ ಕಾಯಿಲೆ ಬಂದವರ ಆಧಾರ್, ಪಿಂಚಣಿ, ಬ್ಯಾಂಕು: ಮನೆಯವರು ಏನು ಮಾಡಬಹುದು, ಏನು ಮಾಡಲಾಗದು

ಎರಡು ವರ್ಷದ ಹಿಂದೆ, ನವೆಂಬರಿನಲ್ಲಿ, ಮೈಸೂರಿನ ಒಂದು ಬ್ಯಾಂಕಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನಮ್ಮ ಯಜಮಾನರು. ಕೌಂಟರಿನ ಹುಡುಗಿ ಒಂದು ಫಾರಂ ಮುಂದಿಟ್ಟು "ಸಾರ್, ಇಲ್ಲೊಂದು ಸೈನ್ ಮಾಡಿ" ಅಂದಳು. ಅವರು ಪೆನ್ನು ಹಿಡಿದು ಸುಮಾರು ಹೊತ್ತು ಕಾಗದವನ್ನೇ ನೋಡಿದರು. ಆಮೇಲೆ ದುಂಡಗೆ, ಒಂದೂ ತಪ್ಪಿಲ್ಲದೆ, ತೀರಿಹೋದ ತಮ್ಮ ಅಪ್ಪನ ಹೆಸರು ಬರೆದರು. ಮೂವತ್ತು ವರ್ಷಕ್ಕೂ ಜಾಸ್ತಿ ಶಾಲೆಯ ಹಾಜರಿ ಪುಸ್ತಕದಲ್ಲಿ ದಿನಾ ಸಹಿ ಹಾಕಿದ ಮೇಷ್ಟ್ರು ಅವರು. "ಕೊಡಮ್ಮ, ನಾನೇ ಹಾಕ್ತೀನಿ, ನಾನು ಅವರ ಹೆಂಡತಿ" ಅಂದೆ. ಆ ಹುಡುಗಿ ಮರ್ಯಾದೆಯಿಂದಲೇ "ಹಾಗೆ ಆಗಲ್ಲ ಆಂಟಿ" ಅಂದಳು.

ಅವಳು ಹೇಳಿದ್ದು ಸರಿಯಾಗೇ ಇತ್ತು. ಯಾಕೆ ಸರಿ, ಹಾಗಾದರೆ ಏನು ಮಾಡಬೇಕಿತ್ತು, ಯಾವಾಗ ಮಾಡಬೇಕಿತ್ತು ಅನ್ನುವುದು ತಿಳಿಯಲು ನನಗೆ ಒಂದು ವರ್ಷದ ಓಡಾಟ ಬೇಕಾಯಿತು. ಈಗ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಸಿಗುವ ಹೆಂಗಸರು, ಒಬ್ಬಿಬ್ಬರು ಗಂಡಸರೂ, ಅದೇ ಪ್ರಶ್ನೆ ಕೇಳುತ್ತಾರೆ. ನಾನು ವಕೀಲಳಲ್ಲ, ಡಾಕ್ಟರೂ ಅಲ್ಲ. ಆದರೆ ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತೆ.

ಮೊದಲು, ಇದು ಬರೀ ವಯಸ್ಸಾ, ಕಾಯಿಲೆನಾ?

"ಅರವತ್ತಕ್ಕೆ ಅರಳು ಮರಳು" ಅಂತ ನಮ್ಮಲ್ಲಿ ಗಾದೆಯೇ ಇದೆ. ಆ ಗಾದೆಯಿಂದಲೇ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ಕಳೆದುಹೋಗುತ್ತದೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸು. ಕನ್ನಡಕ ಯಾತಕ್ಕೆ ಅಂತಲೇ ತಿಳಿಯದೆ ಹೋಗುವುದು ಕಾಯಿಲೆ. ಈ ಮರೆವಿನ ಕಾಯಿಲೆಗೆ ಡಾಕ್ಟರು ಹೇಳುವ ಡಿಮೆನ್ಷಿಯಾ ಅನ್ನುವುದು ಒಂದೇ ಕಾಯಿಲೆಯ ಹೆಸರೂ ಅಲ್ಲ, ಜ್ವರ ಅಂದ ಹಾಗೆ, ಅದರ ಹಿಂದೆ ಬೇರೆ ಬೇರೆ ಕಾರಣ ಇರುತ್ತದೆ. ಅದರಲ್ಲಿ ಜಾಸ್ತಿ ಕಾಣುವುದು ಅಲ್ಜೈಮರ್. ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವುದು ಇನ್ನೊಂದು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಇದು ಇದೆ. ಊರು ಪಟ್ಟಣ ಅಂತ ನೋಡಿದರೆ ಹಳ್ಳಿಗಳಲ್ಲೇ ಜಾಸ್ತಿ.

ಥೈರಾಯ್ಡ್ ಏರುಪೇರಾದರೂ, ಬಿ12 ಕಮ್ಮಿಯಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಹಾಗಾಗಿ ಒಂದು ಸಲ ಸರಿಯಾಗಿ ತೋರಿಸಲೇಬೇಕು. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ ಇವೆ, ಮಂಡ್ಯದವರಿಗೆ ಮಿಮ್ಸ್, ಅಲ್ಲಿಂದ ಮುಂದೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಡಾಕ್ಟರು ಬರೆದುಕೊಡುವ ಚೀಟಿ ಇದೆಯಲ್ಲ, ಕಾಯಿಲೆಯ ಹೆಸರು, ತಾರೀಕು, ಸದ್ಯ ಎಷ್ಟರ ಮಟ್ಟಿಗಿದೆ ಅನ್ನುವುದು, ಅದು ಮುಂದಿನ ಎಲ್ಲಾ ಕಾಗದಕ್ಕೂ ತಾಯಿಬೇರು. ಸೀಲು, ಸಹಿ, ನೋಂದಣಿ ಸಂಖ್ಯೆ ಇರುವ ಹಾಗೆ ಕೇಳಿ ಬರೆಸಿಕೊಳ್ಳಿ. ಹತ್ತು ಜೆರಾಕ್ಸ್ ಮಾಡಿಸಿ. ಅಸಲು ಯಾರಿಗೂ ಕೊಡಬೇಡಿ.

ಹೆಂಡತಿ ಅಂದಮಾತ್ರಕ್ಕೆ ಸಹಿ ಹಾಕುವ ಹಕ್ಕು ಯಾಕಿಲ್ಲ?

ನಾವೆಲ್ಲ ಅಂದುಕೊಂಡಿರುವುದು ಏನು? ಗಂಡ ಹೆಂಡತಿ ಅಂದರೆ ಒಂದೇ ಲೆಕ್ಕ, ಅವರಿಗೆ ಆಗದಿದ್ದರೆ ನಾನು, ನನಗೆ ಆಗದಿದ್ದರೆ ಅವರು. ಮನೆಯಲ್ಲಿ ಅದು ನಿಜ. ಆದರೆ ಕಾನೂನಿನ ಕಣ್ಣಲ್ಲಿ 18 ದಾಟಿದ ಪ್ರತಿಯೊಬ್ಬರೂ ಬೇರೆ ಬೇರೆ ಮನುಷ್ಯರು. ಅವರ ಹೆಸರಿನಲ್ಲಿರುವ ದುಡ್ಡು, ಜಮೀನು, ಮನೆ ಅವರದ್ದೇ. ಮದುವೆಯಾಗಿ ನಲವತ್ತೈದು ವರ್ಷವಾಗಿದ್ದರೂ ಅವರ ಪರವಾಗಿ ಸಹಿ ಹಾಕಲು ತಾಳಿ ಸಾಕಾಗುವುದಿಲ್ಲ, ಅವರೇ ಬರೆದುಕೊಟ್ಟ ಅಧಿಕಾರವೋ ಕೋರ್ಟಿನ ಆದೇಶವೋ ಬೇಕು. ಕೇಳಲು ಕಟುವಾಗಿದೆ. ಆದರೆ ಇದೇ ನಿಯಮ ಇಲ್ಲದಿದ್ದರೆ, ಮರೆವು ಬಂದ ಮುದುಕರ ಆಸ್ತಿ ಎಷ್ಟು ಮನೆಗಳಲ್ಲಿ ಯಾರ ಯಾರ ಪಾಲಾಗುತ್ತಿತ್ತು ಯೋಚಿಸಿ.

ಹಾಗಂತ ಕಾಯಿಲೆ ಗೊತ್ತಾದ ದಿನವೇ ಅವರ ಸಹಿಗೆ ಬೆಲೆ ಹೋಗುವುದಿಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಇಡೀ ಲೇಖನದ ಕೀಲಿ ಇಲ್ಲೇ ಇರುವುದು. 1872ರ ಕರಾರು ಕಾಯ್ದೆಯ 12ನೇ ಕಲಂ ಕೇಳುವುದು ಇಷ್ಟೇ: ಸಹಿ ಹಾಕುವ ಹೊತ್ತಿಗೆ ಆ ಮನುಷ್ಯನಿಗೆ ತಾನು ಏನು ಮಾಡುತ್ತಿದ್ದೇನೆ ಅನ್ನುವುದು ಅರ್ಥವಾಗುತ್ತಿತ್ತಾ, ಅದರಿಂದ ತನಗೆ ಲಾಭವೋ ನಷ್ಟವೋ ಅಂತ ತೂಗಿ ನೋಡಲು ಆಗುತ್ತಿತ್ತಾ? ಬಹಳಷ್ಟು ಹೊತ್ತು ಮನಸ್ಸು ಸ್ಥಿಮಿತದಲ್ಲಿ ಇಲ್ಲದವರೂ, ಸ್ಥಿಮಿತದಲ್ಲಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದು ಅಂತ ಅದೇ ಕಲಂ ಹೇಳುತ್ತದೆ. ಕಾಯಿಲೆಯ ಮೊದಲ ಹಂತದಲ್ಲಿ ಇಂಥ ಹೊತ್ತುಗಳು ಬೇಕಾದಷ್ಟು ಇರುತ್ತವೆ. ನಮ್ಮವರು ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಓದುವ ಹೊತ್ತಿನಲ್ಲಿ ಪೂರ್ತಿ ಮೊದಲಿನ ಹಾಗೇ ಇರುತ್ತಿದ್ದರು, ಸಂಜೆ ದೀಪ ಹಚ್ಚುವ ಹೊತ್ತಿಗೆ ಗಲಿಬಿಲಿ ಶುರು. ತುಂಬಾ ಜನರಲ್ಲಿ ಹೀಗೇ. ಆಫೀಸಿನ ಕೆಲಸ ಏನಿದ್ದರೂ ಬೆಳಿಗ್ಗೆಯೇ ಇಟ್ಟುಕೊಳ್ಳಿ.

ಕಾಗದ ಹುಡುಕುವುದೇ ಮೊದಲ ಕೆಲಸ

ಮರೆವು ಶುರುವಾದವರು ವಸ್ತು ಬಚ್ಚಿಡುತ್ತಾರೆ. ಯಾರೋ ಕದಿಯುತ್ತಾರೆ ಅನ್ನುವ ಭಯ ಅವರಿಗೆ. ನಮ್ಮ ಮನೆಯಲ್ಲಿ ಒಂದು ಎಫ್‌ಡಿ ರಸೀದಿ ಮೂರು ತಿಂಗಳು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಹಳೆಯ ಒಂಟಿಕೊಪ್ಪಲ್ ಪಂಚಾಂಗದ ಪುಟಗಳ ನಡುವೆ, ಅದೂ ಯುಗಾದಿಗೆ ಹೊಸದು ತಂದು ಹಳೆಯದನ್ನು ರದ್ದಿಗೆ ಹಾಕಲು ಹೊರಟಾಗ. ಅದಕ್ಕೇ ಹೇಳುವುದು, ಅವರಿಗೆ ಇನ್ನೂ ನೆನಪಿರುವಾಗಲೇ ಪಕ್ಕದಲ್ಲಿ ಕೂತು "ಎಲ್ಲೆಲ್ಲಿ ಏನೇನಿದೆ ಹೇಳಿ" ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಪಾಸ್‌ಬುಕ್, ಎಲ್‌ಐಸಿ ಬಾಂಡ್, ಪಿಂಚಣಿ ಆದೇಶ, ಪ್ಯಾನ್, ಮನೆ ಖಾತೆ, ಊರಲ್ಲಿ ಜಮೀನಿದ್ದರೆ ಪಹಣಿ, ಗ್ಯಾಸ್ ಪುಸ್ತಕ, ಯಾರಿಗೆ ಸಾಲ ಕೊಟ್ಟಿದ್ದಾರೆ ಅನ್ನುವುದೂ. ಕೊನೆಯದನ್ನು ಕೇಳಲು ಹೆಂಗಸರು ಸಂಕೋಚಪಡುತ್ತಾರೆ, ಕೇಳಿ.

ಹಾಗೆ ಹರಡಿಕೊಂಡು ಕೂತಾಗಲೇ ಹೆಸರಿನ ತಕರಾರು ಕಾಣಿಸುತ್ತದೆ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಸೇರಿಸಿ ಇನಿಷಿಯಲ್ ಇಡುತ್ತೇವಲ್ಲ, ಒಂದು ಕಾಗದದಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬಿಡಿಸಿ ಬರೆದಿರುತ್ತಾರೆ. ಕಂಪ್ಯೂಟರಿಗೆ ಅದು ಮೂರು ಜನ. ಆಧಾರ್, ಪ್ಯಾನ್, ಬ್ಯಾಂಕು, ಪಿಂಚಣಿ ಆದೇಶ ಈ ನಾಲ್ಕರಲ್ಲಿ ಹೆಸರು, ಹುಟ್ಟಿದ ತಾರೀಕು ಹೊಂದುವ ಹಾಗೆ ಅವರು ಓಡಾಡುವಾಗಲೇ ಸರಿಮಾಡಿಸಿ. ಪಿಂಚಣಿ ಆದೇಶದಲ್ಲಿ ನಿಮ್ಮ ಹೆಸರೂ ಸರಿಯಾಗಿದೆಯಾ ನೋಡಿ, ಮುಂದೆ ಕುಟುಂಬ ಪಿಂಚಣಿಗೆ ಅದೇ ಆಧಾರ. ನಮ್ಮ ಕಾಲದವರು ಛತ್ರದಲ್ಲಿ ಮದುವೆಯಾದವರು, ಮದುವೆ ಸರ್ಟಿಫಿಕೇಟ್ ಇರುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಈಗಲೂ ನೋಂದಣಿ ಮಾಡಿಸಬಹುದು, ಆದರೆ ಅದಕ್ಕೂ ಇಬ್ಬರೂ ಬಂದು ಸಹಿ ಹಾಕಬೇಕು, ಆದ್ದರಿಂದ ಬೇಗ.

ಆಧಾರ್: ಫೋನ್ ನಂಬರೇ ಮುಖ್ಯ

ಆಧಾರ್ ಕಾರ್ಡು ಕಳೆದರೆ ಇನ್ನೊಂದು ಪ್ರಿಂಟ್ ತೆಗೆಸಬಹುದು. ಆದರೆ ಆಧಾರಿಗೆ ಸೇರಿಸಿದ ಫೋನ್ ನಂಬರು ಸತ್ತುಹೋಗಿದ್ದರೆ ಎಲ್ಲಾ ಕೆಲಸವೂ ನಿಲ್ಲುತ್ತದೆ, ಯಾಕಂದರೆ ಒಟಿಪಿ ಬರುವುದು ಅಲ್ಲಿಗೇ. ಯಜಮಾನರ ಹಳೆಯ ಸಿಮ್ ರೀಚಾರ್ಜ್ ಇಲ್ಲದೆ ಯಾವತ್ತೋ ನಿಂತಿತ್ತು, ನಮಗೆ ಗೊತ್ತೇ ಇರಲಿಲ್ಲ. ಮನೆಯವರದ್ದೇ ಒಂದು ನಂಬರನ್ನು ಇಬ್ಬರ ಆಧಾರಿಗೂ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳೋ ಕಣ್ಣೋ ಕೊಟ್ಟು ನಂಬರು ಬದಲಿಸಿಕೊಂಡು ಬನ್ನಿ. ಹಾಗೇ ಬೆರಳಚ್ಚು, ಕಣ್ಣು, ಫೋಟೋ ಹೊಸದಾಗಿ ತೆಗೆಸಿ. ಗದ್ದೆ ಕೆಲಸ ಮಾಡಿದವರ, ಪಾತ್ರೆ ತಿಕ್ಕಿದವರ ಬೆರಳಿನ ಗೆರೆ ವಯಸ್ಸಾದಂತೆ ಸವೆದಿರುತ್ತದೆ, ಯಂತ್ರ ಗುರುತು ಹಿಡಿಯುವುದಿಲ್ಲ. ಬೆರಳು ಬಾರದಿದ್ದರೆ ಕಣ್ಣಿನಿಂದಲೂ ಮುಖದಿಂದಲೂ ಗುರುತಿಸುವ ವ್ಯವಸ್ಥೆ ಇದೆ, "ಕಣ್ಣು ನೋಡಿ ಸಾರ್" ಅಂತ ನೀವೇ ಕೇಳಬೇಕು.

ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಮಾಡುವ ಸೌಲಭ್ಯವೂ ಇದೆ, ಅದಕ್ಕೆ ಬೇರೆ ಶುಲ್ಕ. 1947ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ವಿವರ ಕೊಡುತ್ತಾರೆ. ಆಮೇಲೆ ಅವರ ಡಿಜಿಲಾಕರ್ ತೆರೆದಿಟ್ಟರೆ ಕಾರ್ಡುಗಳ ಪ್ರತಿ ಫೋನಿನಲ್ಲೇ ಇರುತ್ತದೆ. ಅಸಲನ್ನು ಅವರ ಕೈಗೆ ಕೊಟ್ಟರೆ ಮತ್ತೆ ಪಂಚಾಂಗವೇ ಗತಿ.

ನವೆಂಬರ್ ಬಂದರೆ ಜೀವಂತ ಪ್ರಮಾಣ

ಪಿಂಚಣಿ ಬರುವವರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ತೋರಿಸಬೇಕು. ಸರ್ಕಾರಿ ಪಿಂಚಣಿಯವರಿಗೆ ಸಾಮಾನ್ಯವಾಗಿ ನವೆಂಬರ್. ಕೇಂದ್ರ ಸರ್ಕಾರದ ಪಿಂಚಣಿಯವರಲ್ಲಿ 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. ಮೈಶುಗರ್‌ನಂಥ ಕಾರ್ಖಾನೆಯಲ್ಲಿ ದುಡಿದು ಪಿಎಫ್ ಪಿಂಚಣಿ ಪಡೆಯುವವರು ಯಾವ ತಿಂಗಳಲ್ಲಾದರೂ ಕೊಡಬಹುದು, ಅಲ್ಲಿಂದ 12 ತಿಂಗಳು ನಡೆಯುತ್ತದೆ.

ಮೊದಲಾದರೆ ಬ್ಯಾಂಕಿಗೆ ಹೋಗಿ ಕ್ಯೂ ನಿಲ್ಲಬೇಕಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಆಧಾರ್ ಗುರುತಿನಿಂದಲೇ ಆಗುತ್ತದೆ, ಈಗ ಫೋನಿನಲ್ಲಿ ಮುಖ ತೋರಿಸಿದರೂ ಆಯಿತು. ಕೇಳಲು ಸುಲಭ. ಆದರೆ ಆ ಆ್ಯಪ್ "ಕಣ್ಣು ಮಿಟುಕಿಸಿ" ಅನ್ನುತ್ತದೆ, ನಮ್ಮವರು ಫೋನಿಗೆ ನಮಸ್ಕಾರ ಮಾಡುತ್ತಾರೆ. ಬಿಸಿಲು ಹಿಂದಿನಿಂದ ಬೀಳದ ಜಾಗದಲ್ಲಿ ಕೂರಿಸಿ, ಫೋನನ್ನು ನೀವೇ ಹಿಡಿದು, ಏನೂ ಹೇಳದೆ ಸುಮ್ನೆ ಕಾದರೆ ಅವರು ತಾವಾಗಿಯೇ ಕಣ್ಣು ಮಿಟುಕಿಸುತ್ತಾರೆ. ನಾಲ್ಕನೇ ಸಲಕ್ಕೆ ನಮ್ಮದು ಆಯಿತು. ಆಗದಿದ್ದರೆ ಪೋಸ್ಟ್‌ಮ್ಯಾನ್ ಕರೆಸಿ. ಅಂಚೆ ಪಾವತಿ ಬ್ಯಾಂಕಿನವರು ಮನೆಗೆ ಯಂತ್ರ ತಂದು 70 ರೂಪಾಯಿಗೆ ಮಾಡಿಕೊಡುತ್ತಾರೆ. ಅದೂ ಆಗದ ಸ್ಥಿತಿಯಲ್ಲಿದ್ದರೆ ಬ್ಯಾಂಕಿನವರೇ ಮನೆಗೆ ಬಂದು ನೋಡಿ ದಾಖಲಿಸುವ ದಾರಿ ಇದೆ, ಡಾಕ್ಟರ ಚೀಟಿ ಲಗತ್ತಿಸಿ ಮ್ಯಾನೇಜರಿಗೆ ಒಂದು ಅರ್ಜಿ ಬರೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದು ಬಾಯಿಮಾತಿನಲ್ಲೇ ಹೋಗುತ್ತದೆ. ಅರ್ಜಿಯ ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಬ್ಯಾಂಕಿನಲ್ಲಿ ಒಂದು ಸಾಲಿನ ವ್ಯತ್ಯಾಸ

ಜಂಟಿ ಖಾತೆ ಇದೆ, ಭಯವಿಲ್ಲ ಅಂತ ನಾನೂ ಇದ್ದೆ. ಪಾಸ್‌ಬುಕ್ ತೆಗೆದು ನೋಡಿ, ಹೆಸರುಗಳ ಕೆಳಗೆ ಒಂದು ಸಾಲು ಇರುತ್ತದೆ. "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಅಂತಿದ್ದರೆ, ಬ್ಯಾಂಕಿನವರ ಮಾತಿನಲ್ಲಿ ಈದರ್ ಆರ್ ಸರ್ವೈವರ್, ನೀವೊಬ್ಬರೇ ಹೋಗಿ ದುಡ್ಡು ತೆಗೆಯಬಹುದು. "ಜಂಟಿಯಾಗಿ" ಅಂತಿದ್ದರೆ ಇಬ್ಬರ ಸಹಿಯೂ ಬೇಕು. ಫಾರ್ಮರ್ ಆರ್ ಸರ್ವೈವರ್ ಅಂತಿದ್ದರೆ ಮೊದಲ ಹೆಸರಿನವರು ಇರುವಷ್ಟು ಕಾಲ ಅವರೇ ತೆಗೆಯಬೇಕು. ಮನೆಗೆ ಒಂದು ಬೀಗ, ಎರಡು ಕೀಲಿ ಇದ್ದಂತೆ ಮೊದಲನೆಯದು. ಎರಡು ಬೀಗ ಹಾಕಿ ಇಬ್ಬರ ಹತ್ತಿರ ಒಂದೊಂದು ಕೀಲಿ ಕೊಟ್ಟಂತೆ ಎರಡನೆಯದು. ಈ ಸಾಲನ್ನು ಬದಲಿಸಲು ಇಬ್ಬರೂ ಸಹಿ ಹಾಕಬೇಕು, ಅರ್ಥವಾಗಿ ಹಾಕಬೇಕು. ಎಫ್‌ಡಿಗಳಿಗೂ ಇದನ್ನೇ ಬೇರೆಯಾಗಿ ನೋಡಿ, ಉಳಿತಾಯ ಖಾತೆಯ ನಿಯಮ ಅದಕ್ಕೆ ತಾನಾಗಿ ಬರುವುದಿಲ್ಲ.

ಕೈ ನಡುಗಿ ಸಹಿ ಹೊಂದದಿದ್ದರೆ ಹೆಬ್ಬೆಟ್ಟು ಒತ್ತಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. 70 ದಾಟಿದವರಿಗೆ, ಓಡಾಡಲಾಗದವರಿಗೆ ಮನೆಬಾಗಿಲಿಗೆ ಸೇವೆ ಕೊಡಬೇಕು ಅಂತಲೂ 2017ರಲ್ಲಿ ಅದೇ ಹೇಳಿದೆ. ಆದರೆ ಇದೆಲ್ಲ ಕೈಕಾಲು ಸೋತವರಿಗೆ ಅನುಕೂಲ. ತಿಳಿವಳಿಕೆ ಹೋದವರ ಹೆಬ್ಬೆಟ್ಟನ್ನು ನಾವೇ ಹಿಡಿದು ಒತ್ತಿಸಿದರೆ ಅದು ಸಹಾಯ ಅನ್ನಿಸಿಕೊಳ್ಳುವುದಿಲ್ಲ, ನಾಳೆ ಅಣ್ಣತಮ್ಮಂದಿರೋ ಮಕ್ಕಳೋ ಕೋರ್ಟಿಗೆ ಹೋದರೆ ಉತ್ತರ ಹೇಳಬೇಕಾದವರು ನಾವೇ.

ನಾಮಿನಿ ವಿಷಯದಲ್ಲೂ ಜನಕ್ಕೆ ಗೊಂದಲ. ನಾಮಿನಿಯ ಕೆಲಸ ಶುರುವಾಗುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಬದುಕಿರುವಾಗ ನಾಮಿನಿಗೆ ಒಂದು ರೂಪಾಯಿಯ ಅಧಿಕಾರವೂ ಇಲ್ಲ. ಖಾತೆಯಲ್ಲಿ ಎರಡು ವರ್ಷ ಏನೂ ವ್ಯವಹಾರ ನಡೆಯದಿದ್ದರೆ ಅದು ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷವಾದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾಪಸ್ ಕೇಳಬಹುದು, ಆದರೆ ಮತ್ತೆ ಓಡಾಟ. ಚೂರುಚೂರು ಖಾತೆಗಳನ್ನು ಮುಚ್ಚಿ ಒಂದಕ್ಕೆ ತಂದರೆ ನಿಮಗೂ ಹಗುರ.

ಒಂದು ಸಣ್ಣ ಖಾತೆ ಅವರ ಕೈಯಲ್ಲೇ ಇರಲಿ ಅಂತ ನಾವು ಬಿಟ್ಟೆವು. ಎರಡು ಸಾವಿರ ರೂಪಾಯಿ ಇರುತ್ತದೆ, ಅಷ್ಟೇ. ಇಷ್ಟು ವರ್ಷ ಮನೆ ನಡೆಸಿದವರ ಜೇಬು ಪೂರ್ತಿ ಖಾಲಿ ಮಾಡಿದರೆ ಅವರಿಗೂ ಬೇಜಾರಾಗುತ್ತದೆ ಅಲ್ವಾ. ದೊಡ್ಡ ಖಾತೆಯ ಎಟಿಎಂ ಮಿತಿ ಇಳಿಸಿ, ಅವರ ಫೋನಿನಿಂದ ಯುಪಿಐ ತೆಗೆಸಿದೆವು. ಒಟಿಪಿ ಕೇಳುವ ಕಳ್ಳರಿಗೆ ಇಂಥವರೇ ಸುಲಭದ ತುತ್ತು. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜಿಪಿಎ ಮಾಡಿಸಿಟ್ಟರೆ ಸಾಕಾ?

ಎಲ್ಲರೂ ಕೊಡುವ ಸಲಹೆ ಇದು: "ಒಂದು ಜಿಪಿಎ ಬರೆಸಿಕೊಂಡುಬಿಡಿ." ಜಿಪಿಎ ಅಂದರೆ ಅಧಿಕಾರ ಪತ್ರ, ನನ್ನ ಪರವಾಗಿ ಇವರು ಇಂತಿಂಥ ಕೆಲಸ ಮಾಡಬಹುದು ಅಂತ ಬರೆದುಕೊಡುವುದು. ಮೊದಲ ಹಂತದಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ, ಅದನ್ನು ಬರೆದುಕೊಡುವವರೂ ಎಷ್ಟೋ ಸಲ ಹೇಳುವುದಿಲ್ಲ.

ಮಂಡ್ಯದವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ವಿ.ಸಿ. ನಾಲೆಯಲ್ಲಿ ನೀರು ಹರಿಯುವುದು ಕೆಆರ್‌ಎಸ್‌ನಲ್ಲಿ ತೂಬು ತೆರೆದಿರುವಷ್ಟು ದಿನ. ನಾಲೆ ಎಷ್ಟೇ ಗಟ್ಟಿಯಾಗಿರಲಿ, ಮೇಲೆ ತೂಬು ಮುಚ್ಚಿದರೆ ನಿಮ್ಮ ಗದ್ದೆಗೆ ನೀರಿಲ್ಲ. ಜಿಪಿಎ ಅನ್ನುವುದು ನಾಲೆ. ಅಧಿಕಾರ ಹರಿಯುವುದು ಬರೆದುಕೊಟ್ಟವರ ತಿಳಿವಳಿಕೆಯಿಂದ. ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಬರೆದುಕೊಟ್ಟವರು ತೀರಿಕೊಂಡರೆ ಹೇಗೆ ಜಿಪಿಎ ಮುಗಿಯುತ್ತದೋ, ಅವರ ಬುದ್ಧಿ ಸ್ಥಿಮಿತ ಕಳೆದುಕೊಂಡರೂ ಹಾಗೆಯೇ ಮುಗಿಯುತ್ತದೆ. ಇಂಗ್ಲೆಂಡಿನಂಥ ಕೆಲವು ದೇಶಗಳಲ್ಲಿ ಬುದ್ಧಿ ಹೋದ ಮೇಲೂ ಉಳಿಯುವ ಅಧಿಕಾರ ಪತ್ರ ಇದೆ, ನಮ್ಮ ಕಾನೂನಿನಲ್ಲಿ ಅದಿಲ್ಲ. ಅಂದರೆ ನಮಗೆ ಯಾವಾಗ ಅದರ ನಿಜವಾದ ಅವಶ್ಯಕತೆ ಬರುತ್ತದೋ ಆವಾಗಲೇ ಅದು ಕೈಕೊಡುತ್ತದೆ. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದರೆ ಜಿಪಿಎ ವ್ಯರ್ಥವಾ? ಅಲ್ಲ. ಅದು ನಡೆಯುವಷ್ಟು ದಿನದಲ್ಲಿ ಮುಗಿಸಬಹುದಾದ ಕೆಲಸ ತುಂಬಾ ಇದೆ: ಖಾತೆಗಳ ಸಾಲು ಬದಲಿಸುವುದು, ಎಫ್‌ಡಿಗೆ ಹೆಸರು ಸೇರಿಸುವುದು, ಮನೆಯ ಇ-ಖಾತಾ ಮಾಡಿಸುವುದು, ಬಾಡಿಗೆ ಕರಾರು, ಊರಿನ ಜಮೀನಿನ ಭಾಗ ಪತ್ರ. ಕೆಲವಕ್ಕೆ ಅವರೇ ಖುದ್ದು ಹೋಗುವುದು ಇನ್ನೂ ಒಳ್ಳೆಯದು. ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಲಾಗದಿದ್ದರೆ, ತಕ್ಕ ಕಾರಣ ತೋರಿಸಿ ಅರ್ಜಿ ಕೊಟ್ಟರೆ ನೋಂದಣಿ ಕಾಯ್ದೆಯ 31ನೇ ಕಲಂ ಕೆಳಗೆ ಅಧಿಕಾರಿ ಮನೆಗೇ ಬರಬಹುದು. ಆದರೆ ಬಂದವರು ಅವರ ಹತ್ತಿರ ನೇರ ಮಾತಾಡುತ್ತಾರೆ. ಇವರಿಗೆ ತಿಳಿವಳಿಕೆ ಇಲ್ಲ ಅನ್ನಿಸಿದರೆ ನೋಂದಣಿ ನಿರಾಕರಿಸುತ್ತಾರೆ, ನಿರಾಕರಿಸಲೇಬೇಕು.

ವಿಲ್ ಕೂಡ ಹೀಗೆಯೇ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟಾಂಪ್ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಮಾತ್ರ ಬೇಕೇ ಬೇಕು. ಮರೆವು ಬಂದವರ ವಿಲ್ ಮೇಲೆ ಮುಂದೆ ಅನುಮಾನ ಬರುವುದು ಖಂಡಿತ ಅಂದುಕೊಂಡೇ ಮಾಡಿಸಿ. ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ಡಾಕ್ಟರೊಬ್ಬರು ಅದೇ ದಿನ ನೋಡಿ "ಇವರಿಗೆ ತಾವು ಮಾಡುತ್ತಿರುವುದು ಅರ್ಥವಾಗುತ್ತಿದೆ" ಅಂತ ಬರೆದುಕೊಟ್ಟು, ಆಗುವುದಾದರೆ ಅವರೇ ಒಬ್ಬ ಸಾಕ್ಷಿಯಾದರೆ ಬಲ ಬರುತ್ತದೆ. ನಾವು ನೋಂದಣಿಯನ್ನೂ ಮಾಡಿಸಿದೆವು, ಅಲ್ಲಿ ಯಜಮಾನರು ಅಧಿಕಾರಿಗೆ ಹೆಂಡತಿ ಮಕ್ಕಳ ಹೆಸರನ್ನೆಲ್ಲ ಹೇಳಿ, "ನೀವು ಎಲ್ಲಿ ಓದಿದ್ದು?" ಅಂತ ತಿರುಗಿ ಅವರಿಗೇ ಪ್ರಶ್ನೆ ಹಾಕಿದರು.

ಇನ್ನೊಂದು ಮಾತು. ಇದೇ ಅವಸರದಲ್ಲಿ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸುವವರಿದ್ದಾರೆ. ಮಾಡಿಸುವುದಾದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಕೆಳಗೆ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಪತ್ರ ರದ್ದು ಮಾಡಿಸಲು ಆ ಸಾಲು ಬೇಕಾಗುತ್ತದೆ.

ತಡವಾಗಿ ಹೋಗಿದ್ದರೆ?

ತುಂಬಾ ಜನ ಈ ಹಂತದಲ್ಲೇ ಇರುತ್ತೀರಿ. ಅವರಿಗೆ ಏನೂ ತಿಳಿಯುವುದಿಲ್ಲ, ಜಂಟಿ ಖಾತೆಯೂ ಇಲ್ಲ, ಆಸ್ಪತ್ರೆ ಬಿಲ್ಲಿಗೆ ಅವರದ್ದೇ ಎಫ್‌ಡಿ ಮುರಿಸಬೇಕು. ಆಗ ಕಾನೂನಿನ ಪೋಷಕರಾಗಿ ನೇಮಕವಾಗಬೇಕು.

ಇಲ್ಲಿ ಕಾನೂನಿನಲ್ಲೇ ಒಂದು ಗುಂಡಿ ಇದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ಒಬ್ಬರನ್ನು ನೇಮಿಸಬಹುದಿತ್ತು. ಅದರ ಜಾಗಕ್ಕೆ 2017ರ ಕಾಯ್ದೆ ಬಂತು, 2018ರ ಮೇ ತಿಂಗಳಿಂದ ಜಾರಿಯಾಯಿತು. ಹೊಸದರಲ್ಲಿ ಚಿಕಿತ್ಸೆಯ ವಿಷಯ ಚೆನ್ನಾಗಿದೆ. ಬಿಳಿ ಹಾಳೆಯಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿ "ನನ್ನ ಚಿಕಿತ್ಸೆ ವಿಷಯದಲ್ಲಿ ಇವರು ನನ್ನ ಪ್ರತಿನಿಧಿ" ಅಂತ ಹೇಳಿಡಬಹುದು. ಆದರೆ ಆಸ್ತಿ ನೋಡಿಕೊಳ್ಳುವ ಹಳೆಯ ಭಾಗ ಅದರಲ್ಲಿ ಬರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಕೆಳಗೆ ಜಿಲ್ಲೆಯಲ್ಲೇ ಪೋಷಕರನ್ನು ನೇಮಿಸುತ್ತಾರಲ್ಲ, ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯದವರಿಗೆ. ಡಿಮೆನ್ಷಿಯಾ ಆ ಪಟ್ಟಿಯಲ್ಲಿಲ್ಲ.

ಹಾಗಾಗಿ ಜನ ಹೋಗುವುದು ಹೈಕೋರ್ಟಿಗೆ. ಸಂವಿಧಾನದ 226ನೇ ವಿಧಿಯ ಕೆಳಗೆ ರಿಟ್ ಅರ್ಜಿ. ತನ್ನನ್ನು ತಾನು ನೋಡಿಕೊಳ್ಳಲಾಗದವರಿಗೆ ಕೋರ್ಟೇ ತಂದೆತಾಯಿಯ ಸ್ಥಾನದಲ್ಲಿ ನಿಂತು ಪೋಷಕರನ್ನು ನೇಮಿಸುತ್ತದೆ. 2019ರಲ್ಲಿ ಕೇರಳ ಹೈಕೋರ್ಟು ಕೋಮಾದಲ್ಲಿದ್ದವರ ವಿಷಯದಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು: ವೈದ್ಯರ ಮಂಡಳಿ ನೋಡಿ ವರದಿ ಕೊಡಬೇಕು, ತಹಶೀಲ್ದಾರ್ ದರ್ಜೆಗೆ ಕಮ್ಮಿಯಿಲ್ಲದ ಅಧಿಕಾರಿ ಆಸ್ತಿಯ ವಿಚಾರಣೆ ಮಾಡಬೇಕು, ವಾರಸುದಾರರೆಲ್ಲರ ವಿವರ ಇರಬೇಕು, ನೇಮಕವಾದವರು ಲೆಕ್ಕ ಒಪ್ಪಿಸಬೇಕು. ಮಕ್ಕಳೆಲ್ಲ ಒಪ್ಪಿಗೆ ಬರೆದುಕೊಟ್ಟರೆ ಕೆಲಸ ಹಗುರವಾಗುತ್ತದೆ. ಮೈಸೂರು, ಮಂಡ್ಯದವರಿಗೆ ಬೆಂಗಳೂರಿನ ಪೀಠವೇ. ಫೀಸಿನ ಭಯ ಇದ್ದರೆ, ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ, ಇದು ನಮ್ಮ ಪಾರ್ಕಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಕಾಯಿಲೆ ಹೆಂಡತಿಗೆ ಬಂದಿದ್ದರೆ

ಗಂಡಸರು ಕೇಳುವ ಪ್ರಶ್ನೆ ಬೇರೆ ಇರುತ್ತದೆ, ರೇಷನ್ ಕಾರ್ಡು ಮತ್ತು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಶುರುವಾದ ಯೋಜನೆ ಅದು, ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರುವ ಹೆಂಗಸಿಗೆ ತಿಂಗಳಿಗೆ 2,000 ರೂಪಾಯಿ. ದುಡ್ಡು ಹೋಗುವುದು ಅವರ ಆಧಾರ್ ಜೋಡಿಸಿದ ಖಾತೆಗೆ. ಅವರ ಆಧಾರೋ ಬ್ಯಾಂಕಿನ ಕೆವೈಸಿಯೋ ಹಳತಾಗಿದ್ದರೆ ದುಡ್ಡು ನಿಲ್ಲುತ್ತದೆ, ಅದಕ್ಕೇ ಆ ಎರಡನ್ನು ಮೊದಲು ನೋಡಿ. ರೇಷನ್ನನ್ನು ಕಾರ್ಡಿನಲ್ಲಿರುವ ಬೇರೆಯವರು ಬೆರಳು ಕೊಟ್ಟೂ ತರಬಹುದು. ಆದರೆ ಕಾರ್ಡಿನಲ್ಲಿರುವ ಪ್ರತಿಯೊಬ್ಬರ ಇ-ಕೆವೈಸಿ ಆಗಿರಬೇಕು, ಬಾಕಿಯಿದ್ದರೆ ನ್ಯಾಯಬೆಲೆ ಅಂಗಡಿಗೆ ಒಂದು ಸಲ ಬೆಳಿಗ್ಗೆ ಹೊತ್ತು ಕರೆದುಕೊಂಡು ಹೋಗಿ.

ಕಾಯಿಲೆ ಮುಂದುವರಿದಿದ್ದರೆ ಅಂಗವೈಕಲ್ಯ ಪ್ರಮಾಣಪತ್ರಕ್ಕೂ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೂ ಅರ್ಜಿ ಹಾಕಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಶೇಕಡಾವಾರು ಬರೆಯುತ್ತಾರೆ. ಶೇ 40ರ ಮೇಲಿದ್ದರೆ ಉಪಯೋಗ ಜಾಸ್ತಿ. ಹಳೆಯ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸುವವರಿಗೆ, ಶೇ 40 ದಾಟಿದ ಡಿಮೆನ್ಷಿಯಾದ ಚಿಕಿತ್ಸೆ ಖರ್ಚಿಗೆ ವಿನಾಯಿತಿಯೂ ಇದೆ, ರೋಗಿ ಹಿರಿಯ ನಾಗರಿಕರಾಗಿದ್ದರೆ 1 ಲಕ್ಷ ರೂಪಾಯಿವರೆಗೆ.

ಜೇಬಿನ ಚೀಟಿ

ಕೊನೆಗೆ ಉಳಿಯುವುದು ಯಾವ ಕಚೇರಿಯೂ ಕೊಡದ ಗುರುತಿನ ಚೀಟಿ. ಮರೆವು ಬಂದವರು ಮನೆಯಿಂದ ಹೊರಟುಬಿಡುತ್ತಾರೆ. ಹೋದ ದಸರಾ ಹೊತ್ತಿನಲ್ಲಿ, ಊರೆಲ್ಲ ಜನ, ನಮ್ಮವರು ಗೇಟು ತೆಗೆದು ಹೋದರು. ಮೂರು ಗಂಟೆ ಹುಡುಕಿದೆವು. ಸಿಕ್ಕಿದ್ದು ಅವರು ಪಾಠ ಮಾಡುತ್ತಿದ್ದ ಶಾಲೆಯ ಗೇಟಿನ ಮುಂದೆ, ದಸರಾ ರಜೆ ಅಂತ ಬೀಗ ಹಾಕಿದ್ದನ್ನು ನೋಡಿಕೊಂಡು ನಿಂತಿದ್ದರು. ಹೂ ಮಾರುವ ಹೆಂಗಸೊಬ್ಬಳು ಜೇಬಿನ ಚೀಟಿ ನೋಡಿ ಫೋನ್ ಮಾಡಿದ್ದಳು.

ಚೀಟಿಯಲ್ಲಿ ಇಷ್ಟೇ ಇದೆ: ಅವರ ಹೆಸರು, "ಇವರಿಗೆ ಮರೆವಿನ ಕಾಯಿಲೆ ಇದೆ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ", ನನ್ನದೂ ಮಗಳದ್ದೂ ನಂಬರು, ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅಸಲು ಆಧಾರನ್ನು ಜೇಬಿನಲ್ಲಿ ಇಡಬೇಡಿ. ಇಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ, ಅದನ್ನು ತೆಗೆಸಿ. ಆರು ತಿಂಗಳಿಗೊಮ್ಮೆ ಮುಖದ ಫೋಟೋ, ನಿಂತಿರುವ ಫೋಟೋ ಫೋನಿನಲ್ಲಿರಲಿ. ಕಾಣೆಯಾದರೆ ಸಂಜೆವರೆಗೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ ಆ ಫೋಟೋ ಕೊಡಿ. ಹಿರಿಯರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ.

ಶರ್ಟು ಬದಲಿಸುವಾಗ ಚೀಟಿ ತೆಗೆದಿಡುವುದನ್ನು ನಾನೇ ಮರೆಯುತ್ತಿದ್ದೆ. ಈಗ ಏಳು ಚೀಟಿ ಮಾಡಿಸಿ ಲ್ಯಾಮಿನೇಷನ್ ಹಾಕಿಸಿದ್ದೇನೆ, ಶರ್ಟಿಗೊಂದು, ಜೇಬಿನೊಳಗೆ ಎರಡು ಹೊಲಿಗೆ ಹಾಕಿ. ಒಗೆಯಲು ಹಾಕಿದರೂ ಏನೂ ಆಗುವುದಿಲ್ಲ.